ಮೋಡ ಚೆನ್ನಾಗಿದೆ, ಒರೆಸು

ಗ್ಯಾಲರಿಯಲ್ಲಿ ಹಳೆಯ ಚಿತ್ರಗಳನ್ನು ಸರಿಪಡಿಸಿ ಕಾಪಾಡುವ ಸಂರಕ್ಷಕನ ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ನನ್ನ ಮೇಜಿನ ಮೇಲೆ ಹಳೆಯ ನಿಸರ್ಗಚಿತ್ರವೊಂದು ಮಲಗಿತ್ತು. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಆಕಾಶದಲ್ಲಿ ಒಂದು ಕಡೆ ಉಗುರಿನಷ್ಟು ಬಣ್ಣ ಉದುರಿತ್ತು. ಸೀಮೆಸುಣ್ಣದ ಪುಡಿಗೆ ಅಂಟು ಕಲಸಿ ಆ ಗುಂಡಿಯನ್ನು ತುಂಬಿ, ಮಟ್ಟ ಮಾಡಿ ಆಗಿತ್ತು. ಇನ್ನು ಅದರ ಮೇಲೆ ಬಣ್ಣ ಹಚ್ಚಬೇಕು. ಅಷ್ಟೇ ಕೆಲಸ.

ಬೆಳಿಗ್ಗೆ ಶುರು ಮಾಡಿದೆ. ಬೂದು ಬಣ್ಣ ಕಲಸಿದೆ, ಹಚ್ಚಿದೆ. ಅಂಚಿನಲ್ಲಿ ಸ್ವಲ್ಪ ಹೊಂದಲಿಲ್ಲ. ಅಂಚು ಕಾಣದಿರಲಿ ಅಂತ ಒಂದು ಕೂದಲೆಳೆಯಷ್ಟು ಹೊರಗೆ ಎಳೆದೆ. ಆಗ ಪಕ್ಕದ ಬಿಳುಪು ಸರಿಯಿಲ್ಲ ಅನ್ನಿಸಿತು. ಅದನ್ನೂ ಮುಟ್ಟಿದೆ. ನಾನು ಚಿತ್ರಕಲೆ ಕಲಿತು ಬಂದವನು. ಮೋಡ ಬರೆಯುವುದು ಹೇಗೆ ಅಂತ ಕೈಗೆ ಗೊತ್ತು. ಸಂಜೆ ಹೊತ್ತಿಗೆ ಆಕಾಶ ನೋಡಿ ನನಗೇ ಖುಷಿಯಾಯಿತು.

ನಮ್ಮ ವಿಭಾಗದ ಹಿರಿಯ ಮೇಡಂ ಬಂದರು. ಏನೂ ಹೇಳದೆ ಲೈಟ್ ಆರಿಸಿ, ನೇರಳಾತೀತ ದೀಪ ಹಚ್ಚಿದರು. ಚಿತ್ರದ ರಕ್ಷಣೆಗೆ ಮೇಲೆ ಬಳಿಯುವ ಪಾರದರ್ಶಕ ಲೇಪ, ಅಂದರೆ ವಾರ್ನಿಷ್, ಹಳೆಯದಾದರೆ ಆ ಬೆಳಕಿನಲ್ಲಿ ತಿಳಿಹಸಿರಾಗಿ ಮಿನುಗುತ್ತದೆ. ಅದರ ಮೇಲೆ ಆಮೇಲೆ ಹಚ್ಚಿದ ಬಣ್ಣ ಕಪ್ಪು ಕಲೆಯಾಗಿ ಎದ್ದು ಕಾಣುತ್ತದೆ. ನನ್ನ ಆಕಾಶದಲ್ಲಿ ಒಂದು ದೊಡ್ಡ ಕಪ್ಪು ಕಲೆ ಕೂತಿತ್ತು.

"ಹಾನಿ ಎಷ್ಟಿತ್ತು?"

"ಉಗುರಿನಷ್ಟು, ಮೇಡಂ."

"ಈಗ ಎಷ್ಟಿದೆ?"

ನಾನು ಅಂಗೈ ಹಿಡಿದು ನೋಡಿದೆ. ಅಂಗೈಗಿಂತ ಜಾಸ್ತಿಯೇ ಇತ್ತು.

"ಮೋಡ ಚೆನ್ನಾಗಿದೆ," ಅಂದರು. "ಒರೆಸು."

ಇಡೀ ದಿನ ಹಚ್ಚಿದ್ದನ್ನು ಒರೆಸಲು ಹತ್ತು ನಿಮಿಷ ಸಾಕಾಯಿತು. ಯಾಕೆಂದರೆ ಅದು ಎಣ್ಣೆಬಣ್ಣ ಅಲ್ಲ. ರೀಟಚಿಂಗ್‌ಗೆ (ಬಣ್ಣ ಹೋದ ಜಾಗಕ್ಕಷ್ಟೇ ಹೊಸ ಬಣ್ಣ ಹಚ್ಚಿ ಹೊಂದಿಸುವುದಕ್ಕೆ) ನಾವು ಬಳಸುವ ಬಣ್ಣ ಸಿಂಥೆಟಿಕ್ ರಾಳದಲ್ಲಿ ಅರೆದದ್ದು. ಎಷ್ಟೋ ವರ್ಷಗಳ ಮೇಲೂ ಸೌಮ್ಯವಾದ ದ್ರಾವಕದಲ್ಲಿ ಕರಗಿ ಬರಬೇಕು, ಕೆಳಗಿನ ಮೂಲ ಬಣ್ಣಕ್ಕೆ ಏನೂ ಆಗಬಾರದು. ಹಿಂದಿನವರು ಎಣ್ಣೆಬಣ್ಣದಲ್ಲೇ ತೇಪೆ ಹಾಕುತ್ತಿದ್ದರು. ಹಚ್ಚಿದ ದಿನ ಸರಿಯಾಗಿ ಹೊಂದುತ್ತಿತ್ತು. ಆಮೇಲೆ ಅದು ಕಪ್ಪಾಗುತ್ತಾ ಹೋಗುತ್ತಿತ್ತು, ಜೊತೆಗೆ ಕಲ್ಲಿನ ಹಾಗೆ ಗಟ್ಟಿ. ಹಳೆಯ ಭಾವಚಿತ್ರಗಳ ಮುಖದಲ್ಲಿ ಅಲ್ಲಲ್ಲಿ ಕಂದು ಮಚ್ಚೆ ಕಂಡರೆ ಬಹಳ ಸಲ ಅದು ಇಂಥದ್ದೇ ತೇಪೆ.

2012ರಲ್ಲಿ ಸ್ಪೇನ್‌ನ ಬೋರ್ಹಾ ಊರಿನ ಚರ್ಚಿನಲ್ಲಿ ಕ್ರಿಸ್ತನ ಭಿತ್ತಿಚಿತ್ರವನ್ನು ಸ್ಥಳೀಯರೊಬ್ಬರು ಸರಿಪಡಿಸಲು ಹೋಗಿ ಮುಖವೇ ಬದಲಾಗಿ, ಆ ಫೋಟೋ ಜಗತ್ತನ್ನೆಲ್ಲ ಸುತ್ತಿತಲ್ಲ. ನಾನು ಏನು ಕೆಲಸ ಮಾಡುತ್ತೇನೆ ಅಂತ ಹೇಳಿದ ಕೂಡಲೇ ಜನ ಅದನ್ನೇ ನೆನಪಿಸಿಕೊಂಡು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಪೂರ್ತಿ ಅಲ್ಲ. ನನ್ನ ಮೋಡ ನೆನಪಾಗುತ್ತದೆ. ಅಂಚಿನಿಂದ ಒಂದು ಕೂದಲೆಳೆ ಹೊರಗೆ ಹೋದ ಮೇಲೆ ಎಲ್ಲಿ ನಿಲ್ಲಬೇಕು ಅಂತ ಕೈಗೆ ತಿಳಿಯುವುದಿಲ್ಲ.

ನಾನು ಇಲ್ಲಿಗೆ ಬಂದ ದಾರಿ ನೇರವಾಗಿರಲಿಲ್ಲ. ಚಿತ್ರಕಲೆ ಓದಿದೆ. ಬರೆದದ್ದು ಮಾರಾಟವಾಗುತ್ತಿರಲಿಲ್ಲ ಅಂತಲ್ಲ, ಆದರೆ ಅದರಲ್ಲೇ ಬದುಕು ಸಾಗುತ್ತಿರಲಿಲ್ಲ. ಒಂದು ಗ್ಯಾಲರಿಯಲ್ಲಿ ಚಿತ್ರಗಳನ್ನು ತೂಗುಹಾಕುವ, ಇಳಿಸುವ ಕೆಲಸಕ್ಕೆ ಸೇರಿದೆ. ಅಲ್ಲಿ ಮೊದಲ ಸಲ ಚಿತ್ರಗಳ ಬೆನ್ನು ನೋಡಿದೆ. ಗೋಡೆಯ ಕಡೆಗಿರುವ ಆ ಬೆನ್ನಿನಲ್ಲಿ ಏನೇನಿರುತ್ತದೆ ಗೊತ್ತಾ? ಹಳೆಯ ಪ್ರದರ್ಶನಗಳ ಚೀಟಿ, ತುಕ್ಕು ಹಿಡಿದ ಮೊಳೆ, ಹರಿದ ಕಡೆ ಯಾರೋ ಹಾಕಿದ ತೇಪೆ, ನೀರು ಇಳಿದ ಗುರುತು. ಮುಂದೆ ಒಂದು ಕಥೆ, ಹಿಂದೆ ಇನ್ನೊಂದು. ನನಗೆ ಹಿಂದಿನದೇ ಜಾಸ್ತಿ ಹಿಡಿಸಿತು.

ಆಮೇಲೆ ಸಂರಕ್ಷಣೆಯ ಸ್ನಾತಕೋತ್ತರ ಕೋರ್ಸ್. ಅರ್ಜಿಯ ಜೊತೆ ನನ್ನ ಸ್ವಂತ ಚಿತ್ರಗಳನ್ನು ಹೆಮ್ಮೆಯಿಂದ ಕಳಿಸಿದ್ದೆ. ಸಂದರ್ಶನದಲ್ಲಿ ಅವನ್ನು ಒಂದು ನಿಮಿಷವೂ ನೋಡಲಿಲ್ಲ. ಒಂದು ಬಣ್ಣದ ಚೂರು ಕೊಟ್ಟು ಅದೇ ಬಣ್ಣ ಕಲಸಿ ತೋರಿಸು ಅಂದರು. ಒಡೆದ ಒಂದು ಹೆಂಚು ಕೊಟ್ಟು, ನೋಡದವರಿಗೂ ತಿಳಿಯುವ ಹಾಗೆ ಬರೆದು ವಿವರಿಸು ಅಂದರು. ಪಿಯುಸಿಯ ರಸಾಯನಶಾಸ್ತ್ರ ಎಷ್ಟು ನೆನಪಿದೆ ಅಂತ ಕೇಳಿದರು. ನನಗೆ ಅಷ್ಟೇನೂ ನೆನಪಿರಲಿಲ್ಲ. ಮತ್ತೆ ಮೊದಲಿನಿಂದ ಕಲಿತೆ. ಯಾವ ದ್ರಾವಕ ಯಾವುದನ್ನು ಕರಗಿಸುತ್ತದೆ, ಯಾವುದನ್ನು ಉಬ್ಬಿಸುತ್ತದೆ ಅಂತ ಗೊತ್ತಿಲ್ಲದೆ ಹತ್ತಿ ಕೈಗೆ ತೆಗೆದುಕೊಂಡರೆ ಚಿತ್ರ ಹೋಯಿತು ಅಂತಲೇ ಲೆಕ್ಕ.

ಹತ್ತಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೊರಗಿನವರಿಗೆ ನಮ್ಮ ಕೆಲಸವೆಂದರೆ ದೊಡ್ಡ ದೊಡ್ಡ ಯಂತ್ರ. ಅವೂ ಇವೆ. ಎಕ್ಸ್‌ರೇ ಇದೆ, ಇನ್‌ಫ್ರಾರೆಡ್ ಕ್ಯಾಮೆರಾ ಇದೆ. ಆದರೆ ದಿನದ ಬಹುಪಾಲು ಕೈಯಲ್ಲಿರುವುದು ಒಂದು ಬಿದಿರಿನ ಕಡ್ಡಿ, ಅದರ ತುದಿಗೆ ಸುತ್ತಿದ ಹತ್ತಿ. ಅಂಗಡಿಯಲ್ಲಿ ಸಿಗುವ ಕಿವಿಕಡ್ಡಿ ಆಗುವುದಿಲ್ಲ, ಅದು ತೀರಾ ಬಿಗಿ. ಹತ್ತಿಯ ಎಳೆ ಹಿಡಿದು, ಕಡ್ಡಿಯನ್ನು ತಿರುಗಿಸುತ್ತಾ, ತುದಿ ಮೆತ್ತಗೆ ಉಳಿಯುವ ಹಾಗೆ ನಾವೇ ಸುತ್ತಿಕೊಳ್ಳಬೇಕು. ಇದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು. ಅದನ್ನು ಚಿತ್ರದ ಮೇಲೆ ಉಜ್ಜಬಾರದು, ಉರುಳಿಸಬೇಕು. ಒಂದು ಸಲ ಉರುಳಿಸು, ನೋಡು, ಎಸೆ. ಹೊಸದು ತೆಗೆದುಕೋ. ಒಂದು ಮಧ್ಯಮ ಗಾತ್ರದ ಚಿತ್ರ ಮುಗಿಯುವ ಹೊತ್ತಿಗೆ ಗಾಜಿನ ಜಾಡಿಗಳು ಕಂದು ಹತ್ತಿಯಿಂದ ತುಂಬಿರುತ್ತವೆ.

ಮೊದಲು ಯಾವುದರಿಂದ ಶುರು ಮಾಡುತ್ತೇವೆ ಅಂದರೆ ನಂಬುವುದಿಲ್ಲ. ಎಂಜಲು! ಹೌದು, ಬಾಯಲ್ಲಿ ಹತ್ತಿ ಒದ್ದೆ ಮಾಡಿ ಮೇಲಿನ ಕೊಳೆಯನ್ನು ಪರೀಕ್ಷಿಸುತ್ತೇವೆ. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಕೊಳೆ ಬಿಡಿಸುತ್ತದೆ ಅಂತ 1990ರಲ್ಲಿ ಪೋರ್ಚುಗಲ್‌ನ ಸಂಶೋಧಕರು ತೋರಿಸಿದರು. 2018ರಲ್ಲಿ ಅದಕ್ಕೆ ಇಗ್ ನೊಬೆಲ್ ಬಂತು. ನಗಿಸುವ ಪ್ರಶಸ್ತಿಯಾದರೂ ಸಂಶೋಧನೆ ಸುಳ್ಳಲ್ಲ. ಒಮ್ಮೆ ಬಾಯಿಗೆ ಹೋದ ಹತ್ತಿ ಚಿತ್ರ ಮುಟ್ಟಿ ಮತ್ತೆ ಬಾಯಿಗೆ ಹೋಗಬಾರದು, ಅದೊಂದು ನೆನಪಿರಬೇಕು. ಹಳೆಯ ಬಿಳಿ ಬಣ್ಣದಲ್ಲಿ ಸೀಸ ಇರುತ್ತದೆ.

ಒಂದು ಭಾವಚಿತ್ರದ ಕೆಲಸ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೂತಿರುವ ಹೆಂಗಸು, ಕೆಂಪು ತೋಳಿನ ಉಡುಪು. ಮೇಲೆ ಹಳದಿಗಟ್ಟಿದ ವಾರ್ನಿಷ್. ಮರದ ರಾಳದಿಂದ ಮಾಡಿದ ವಾರ್ನಿಷ್ ವರ್ಷ ಕಳೆದಂತೆ ಹಳದಿಯಾಗುತ್ತದೆ, ಆಮೇಲೆ ಕಂದಾಗುತ್ತದೆ. ಡಚ್ ಕಲಾವಿದ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ದೊಡ್ಡ ಚಿತ್ರಕ್ಕೆ 'ನೈಟ್ ವಾಚ್' ಅನ್ನುವ ಹೆಸರು ಬಂದದ್ದೇ ಹೀಗೆ. ಕಪ್ಪಾದ ವಾರ್ನಿಷ್ ನೋಡಿದ ಜನ ಅದನ್ನು ರಾತ್ರಿ ಅಂದುಕೊಂಡರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದನ್ನು ತೆಗೆದಾಗ ಹಗಲು ಹೊರಬಂತು.

ನಮ್ಮ ಭಾವಚಿತ್ರದ ಮೂಲೆಯಲ್ಲಿ, ಚೌಕಟ್ಟಿನ ಕೆಳಗೆ ಮುಚ್ಚಿಹೋಗುವ ಜಾಗದಲ್ಲಿ, ಮೊದಲ ಪರೀಕ್ಷೆ ಮಾಡಿದೆ. ಹತ್ತಿ ಹಳದಿಯಾಯಿತು. ಒಳ್ಳೆಯದು, ಅದು ವಾರ್ನಿಷ್. ಹಿನ್ನೆಲೆಗೆ ಬಂದೆ, ಹಳದಿ. ಮುಖಕ್ಕೆ ಬಂದೆ, ಹಳದಿ. ನಾಲ್ಕು ದಿನದಲ್ಲಿ ಹೆಂಗಸಿನ ಕೆನ್ನೆಗೆ ಬಣ್ಣ ಬಂತು, ಕುತ್ತಿಗೆಯ ನೆರಳಿನಲ್ಲಿ ತಣ್ಣನೆಯ ಬೂದು ಬಂತು. ಧೈರ್ಯ ಬಂದು ಕೈ ಸ್ವಲ್ಪ ಜೋರಾಯಿತು. ತೋಳಿನ ಹತ್ತಿರ ಬಂದೆ. ಅದೇ ದ್ರಾವಕ, ಅದೇ ಒತ್ತಡ. ಹತ್ತಿ ಎತ್ತಿ ನೋಡಿದರೆ ಹಳದಿಯ ನಡುವೆ ಒಂದು ಸಣ್ಣ ಗುಲಾಬಿ ಛಾಯೆ.

ಎದೆ ಧಸಕ್ ಅಂತು. ಗುಲಾಬಿ ಅಂದರೆ ಅದು ವಾರ್ನಿಷ್ ಅಲ್ಲ. ಕಲಾವಿದನ ಬಣ್ಣ. ಕೆಂಪಿಗೆ ಆಳ ಬರಲಿ ಅಂತ ಆತ ರಾಳ ಬೆರೆಸಿದ ತೆಳುವಾದ ಕೆಂಪನ್ನು ಕೊನೆಯಲ್ಲಿ ಹಚ್ಚಿದ್ದ. ವಾರ್ನಿಷ್ ಕರಗುವ ದ್ರಾವಕದಲ್ಲೇ ಅದೂ ಕರಗುತ್ತದೆ. ಎರಡನ್ನೂ ಬೇರೆ ಮಾಡುವ ಸುಲಭದ ದಾರಿ ಇಲ್ಲ. ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ. ಹೋಗಿದ್ದು ಎಳ್ಳು ಗಾತ್ರಕ್ಕಿಂತ ಕಡಿಮೆ, ಬಟ್ಟೆಯ ಮಡಿಕೆಯೊಂದರ ಅಂಚಿನಲ್ಲಿ. ಯಾರಿಗೂ ಕಾಣುವುದಿಲ್ಲ. ನನಗೆ ಕಾಣುತ್ತದೆ, ಈಗಲೂ. ಫೋಟೋ ತೆಗೆದು, ವರದಿಯಲ್ಲಿ ಬರೆದು, ಮೇಡಂಗೆ ಹೇಳಿದೆ. ಬೈಯಲಿಲ್ಲ. "ತೋಳು ಅಷ್ಟಕ್ಕೇ ಬಿಡು" ಅಂದರು. ತೋಳಿನ ಮೇಲೆ ಹಳೆಯ ವಾರ್ನಿಷನ್ನು ಪೂರ್ತಿ ತೆಗೆಯದೆ ತೆಳು ಮಾಡಿ ಬಿಟ್ಟೆವು. ಸರಿಯಾಗಿ ನೋಡಿದರೆ ಆ ಭಾಗ ಉಳಿದದ್ದಕ್ಕಿಂತ ಒಂದು ಚೂರು ಬೆಚ್ಚಗೆ ಕಾಣುತ್ತದೆ. 'ಇದೊಂದನ್ನು ಯಾಕೆ ಸರಿ ಮಾಡಲಿಲ್ಲ' ಅಂತ ಒಬ್ಬರು ಗ್ಯಾಲರಿಯ ಸಂದರ್ಶಕರ ಪುಸ್ತಕದಲ್ಲಿ ಬರೆದು ಹೋಗಿದ್ದಾರೆ.

ರೀಟಚಿಂಗ್‌ಗೆ ಮತ್ತೆ ಬರುತ್ತೇನೆ, ಚಿತ್ರಕಲಾವಿದರು ಈ ಕೆಲಸಕ್ಕೆ ಆಸೆಪಟ್ಟು ಬರುವುದೇ ಅದಕ್ಕಾಗಿ. ಎಲ್ಲಿಯವರೆಗೆ ಹಚ್ಚಬೇಕು ಅನ್ನುವುದರ ಬಗ್ಗೆ ಈ ಕ್ಷೇತ್ರದಲ್ಲಿ ಜಗಳ ಹಳೆಯದು. 1939ರಲ್ಲಿ ರೋಮ್‌ನಲ್ಲಿ ಶುರುವಾದ ಸಂರಕ್ಷಣಾ ಸಂಸ್ಥೆಯಲ್ಲಿ ಒಂದು ವಿಧಾನ ಬೆಳೆಯಿತು. ಬಣ್ಣ ಹೋದ ಜಾಗದಲ್ಲಿ ಸಣ್ಣ ಸಣ್ಣ ಲಂಬ ಗೆರೆಗಳನ್ನು ಎಳೆಯುವುದು. ದೂರದಿಂದ ನೋಡಿದರೆ ಚಿತ್ರ ಕೂಡಿಕೊಳ್ಳುತ್ತದೆ, ಹತ್ತಿರ ಹೋದರೆ 'ಇದು ಆಮೇಲೆ ಹಚ್ಚಿದ್ದು' ಅಂತ ಗೆರೆಗಳೇ ಹೇಳುತ್ತವೆ. 1966ರ ನವೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಪ್ರವಾಹ ಬಂದಾಗ ಇಟಲಿಯ ಹಳೆಯ ಕಲಾವಿದ ಚಿಮಾಬುವೆ ಬರೆದ ದೊಡ್ಡ ಶಿಲುಬೆಯ ಬಣ್ಣ ಅರ್ಧಕ್ಕಿಂತ ಜಾಸ್ತಿ ಕೊಚ್ಚಿಹೋಯಿತು. ಅಲ್ಲಿ ಇಲ್ಲದ್ದನ್ನು ಊಹಿಸಿ ಬರೆಯಲಿಲ್ಲ. ಸುತ್ತಲಿನ ಬಣ್ಣಗಳ ಗೆರೆಗಳನ್ನು ಹೆಣೆದು ಖಾಲಿ ಜಾಗ ಖಾಲಿಯಾಗಿಯೇ, ಆದರೆ ಕಣ್ಣಿಗೆ ಚುಚ್ಚದ ಹಾಗೆ ಮಾಡಿದರು. ನನಗೆ ಅದು ಹಿಡಿಸುತ್ತದೆ. ಸಣ್ಣ ಹಾನಿಗೆ ಮಾತ್ರ ನಾನು ಕಾಣದ ಹಾಗೆ ಹೊಂದಿಸುವವನು. ಉಗುರಿನಷ್ಟು ಜಾಗದಲ್ಲಿ ಗೆರೆ ಎಳೆದರೆ ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಅಲ್ವಾ?

ಇದರಲ್ಲೂ ಒಂದು ಪೆಟ್ಟು ತಿಂದೆ. ಕಿಟಕಿಯ ಬೆಳಕಿನಲ್ಲಿ ಕೂತು ನೀಲಿಯೊಂದನ್ನು ಎಷ್ಟು ಚೆನ್ನಾಗಿ ಹೊಂದಿಸಿದ್ದೆ ಅಂದರೆ, ಮರುದಿನ ನನಗೇ ಹಾನಿಯ ಜಾಗ ಸಿಗಲಿಲ್ಲ. ಗ್ಯಾಲರಿಯ ದೀಪದ ಕೆಳಗೆ ತೂಗುಹಾಕಿದ ಕೂಡಲೇ ಅದು ನೇರಳೆಯಾಗಿ ಕೂತಿತು. ಎರಡು ಬೇರೆ ಬೇರೆ ಪುಡಿಬಣ್ಣಗಳು ಒಂದು ಬೆಳಕಿನಲ್ಲಿ ಒಂದೇ ಥರ ಕಂಡು, ಇನ್ನೊಂದರಲ್ಲಿ ಬೇರೆಯಾಗಬಹುದು. ಅಂದಿನಿಂದ ಚಿತ್ರ ತೂಗುವ ಜಾಗದ್ದೇ ಥರದ ದೀಪ ನನ್ನ ಮೇಜಿನ ಮೇಲೂ ಇದೆ.

ಇಷ್ಟೆಲ್ಲ ಓದಿ ದಿನವಿಡೀ ಕುಂಚ ಹಿಡಿದೇ ಇರುತ್ತೇನೆ ಅಂದುಕೊಳ್ಳಬೇಡಿ. ಗ್ಯಾಲರಿಯ ಸಂರಕ್ಷಕನ ಕೆಲಸದಲ್ಲಿ ಬರವಣಿಗೆ ಜಾಸ್ತಿ. ಚಿತ್ರ ಹೊರಗೆ ಹೋಗುವಾಗ, ವಾಪಸ್ ಬಂದಾಗ ಸ್ಥಿತಿಯ ವರದಿ. ಪಕ್ಕದಿಂದ ಓರೆ ಬೆಳಕು ಬಿಟ್ಟು ಪ್ರತಿ ಬಿರುಕು, ಪ್ರತಿ ಉಬ್ಬು ಗುರುತಿಸುವುದು. ಕಾಗದದ ಮೇಲಿನ ಚಿತ್ರಕ್ಕೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರದ ಹಾಗೆ, ಎಣ್ಣೆಬಣ್ಣಕ್ಕೆ 200ರ ಒಳಗೆ ಇರುವ ಹಾಗೆ ನೋಡಿಕೊಳ್ಳುವುದು. ಕತ್ತಲೆ ಜಾಸ್ತಿಯಾಯಿತು ಅಂತ ಬಂದವರ ದೂರು ಕೇಳುವುದು. ಗಾಳಿಯ ತೇವ ಏರಿಳಿಯದಂತೆ ಕಾಯುವುದು, ಯಾಕೆಂದರೆ ಮರ ಮತ್ತು ಕ್ಯಾನ್ವಾಸ್ ಹಿಗ್ಗಿ ಕುಗ್ಗುತ್ತವೆ, ಗಟ್ಟಿಯಾದ ಬಣ್ಣಕ್ಕೆ ಅದು ಬರುವುದಿಲ್ಲ. ಅದು ಬಿರಿಯುತ್ತದೆ. ಮೂಲೆಯಲ್ಲಿಟ್ಟ ಅಂಟುಬಲೆಗಳಲ್ಲಿ ಯಾವ ಹುಳ ಸಿಕ್ಕಿದೆ ಅಂತ ಎಣಿಸುವುದು. ದ್ರಾವಕದ ಹೊಗೆ ಎಳೆದುಕೊಳ್ಳುವ ಕೊಳವೆಗೆ ನಾವು 'ಆನೆ ಸೊಂಡಿಲು' ಅನ್ನುತ್ತೇವೆ. ಅದನ್ನು ಹತ್ತಿರ ಎಳೆದುಕೊಳ್ಳದೆ ಕೂತು ಸುಮ್ನೆ ತಲೆನೋವು ತಂದುಕೊಂಡ ದಿನಗಳಿವೆ. ಕುತ್ತಿಗೆ ನೋವು ಮಾತ್ರ ಕೊಡುಗೆಯಾಗಿ ಕಾಯಂ ಉಳಿದಿದೆ.

ಇನ್ನೊಂದು: ಚಿತ್ರದ ಬೆಲೆ ಹೇಳುವುದು, ಅಸಲಿಯೋ ನಕಲಿಯೋ ಅಂತ ತೀರ್ಪು ಕೊಡುವುದು ನಾನು ಮಾಡುವುದಿಲ್ಲ. ಸರಿಪಡಿಸುವವನೇ ಬೆಲೆ ಕಟ್ಟಿದರೆ ಯಾವ ಕೆಲಸವನ್ನೂ ನಂಬುವ ಹಾಗಿರುವುದಿಲ್ಲ. ನಾನು ಕೆಲಸ ಮಾಡುವ ಗ್ಯಾಲರಿಯಲ್ಲಿ ನನ್ನ ಚಿತ್ರ ಪ್ರದರ್ಶಿಸುವುದೂ ಇಲ್ಲ.

ನನ್ನ ಚಿತ್ರಗಳ ಮಾತು ಬಂತು. ಸಂರಕ್ಷಣೆ ಕಲಿತ ಮೇಲೆ ಎರಡು ವರ್ಷ ನಾನು ಒಂದು ಚಿತ್ರವನ್ನೂ ಬರೆಯಲಿಲ್ಲ. ಬಿಡುವಿರಲಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದೆ. ನಿಜವಾಗಿ ಹೆದರಿಕೆ. ಬಣ್ಣದ ಟ್ಯೂಬ್ ಕೈಗೆತ್ತಿಕೊಂಡರೆ ಐವತ್ತು ವರ್ಷದ ಮೇಲೆ ಅದಕ್ಕೇನಾಗುತ್ತದೆ ಅನ್ನುವುದೇ ಕಣ್ಣ ಮುಂದೆ ಬರುತ್ತಿತ್ತು. ವ್ಯಾನ್ ಗಾಗ್ 1888ರಲ್ಲಿ ಬರೆದ ಮಲಗುವ ಕೋಣೆಯ ಗೋಡೆಯನ್ನು ಅವನೇ ಪತ್ರದಲ್ಲಿ ತಿಳಿನೇರಳೆ ಅಂದಿದ್ದಾನೆ. ಅದರಲ್ಲಿದ್ದ ಕೆಂಪು ಬೆಳಕಿಗೆ ಹಾರಿಹೋಗಿ ಇವತ್ತು ನಮಗೆ ನೀಲಿ ಗೋಡೆ ಕಾಣುತ್ತದೆ. ಅಮೆರಿಕದ ಕಲಾವಿದ ಮಾರ್ಕ್ ರಾತ್ಕೊ 1960ರ ದಶಕದಲ್ಲಿ ಹಾರ್ವರ್ಡ್‌ಗೆ ಬರೆದುಕೊಟ್ಟ ದೊಡ್ಡ ಚಿತ್ರಗಳಲ್ಲಿ ಲಿಥಾಲ್ ರೆಡ್ ಅನ್ನುವ ಬಣ್ಣ ಇತ್ತು. ಕಿಟಕಿಯ ಬಿಸಿಲಿಗೆ ಅವು ಎಷ್ಟು ಮಾಸಿದವೆಂದರೆ 1979ರಲ್ಲಿ ಇಳಿಸಿಯೇ ಬಿಟ್ಟರು. ವಾರ್ನಿಷ್ ಇಲ್ಲದ ಚಿತ್ರಗಳು, ಮೇಲೆ ಬಣ್ಣ ಹಚ್ಚುವ ಹಾಗಿಲ್ಲ. ಕೊನೆಗೆ 2014ರಲ್ಲಿ ಪ್ರೊಜೆಕ್ಟರ್‌ನಿಂದ ಲೆಕ್ಕ ಹಾಕಿದ ಬಣ್ಣದ ಬೆಳಕನ್ನು ಅವುಗಳ ಮೇಲೆ ಬಿಟ್ಟು ಹಳೆಯ ಬಣ್ಣ ತೋರಿಸಿದರು. ಬೆಳಕು ಆರಿಸಿದರೆ ಮತ್ತೆ ಮಾಸಿದ ಚಿತ್ರ. ಮುಟ್ಟದೆಯೇ ಮಾಡಿದ ಚಿಕಿತ್ಸೆ ಅದು. ಅಂಥ ಬುದ್ಧಿ ನನಗೂ ಒಮ್ಮೆಯಾದರೂ ಹೊಳೆಯಲಿ ಅನ್ನಿಸಿದ್ದುಂಟು.

ಮತ್ತೆ ಬರೆಯಲು ಕೂತದ್ದು ಹೇಗೆ ಅಂದರೆ, ದೊಡ್ಡ ನಿರ್ಧಾರವೇನೂ ಇಲ್ಲ. ಪರೀಕ್ಷೆಗೆ ಅಂತ ಮಾಡಿಟ್ಟ ಸಣ್ಣ ಹಲಗೆಗಳು ಉಳಿದಿದ್ದವು. ಹೇಗೂ ಎಸೆಯುವುದು ತಾನೇ ಅಂತ ಅದರ ಮೇಲೆ ಬರೆದೆ. ಎಸೆಯುವುದರ ಮೇಲೆ ಬರೆಯುವಾಗ ಹೆದರಿಕೆ ಇರಲಿಲ್ಲ. ಅಲ್ಲಿಂದ ನಿಧಾನಕ್ಕೆ ಕ್ಯಾನ್ವಾಸಿಗೆ ಬಂದೆ.

ಕೆಲವು ಅಭ್ಯಾಸ ಬದಲಾದವು. ಟ್ಯೂಬಿನ ಮೇಲಿನ ಚಂದದ ಹೆಸರು ನೋಡುವುದಿಲ್ಲ, ಹಿಂದೆ ಸಣ್ಣದಾಗಿ ಬರೆದ ಪಿಗ್ಮೆಂಟ್ (ಪುಡಿಬಣ್ಣ) ಸಂಖ್ಯೆ ನೋಡುತ್ತೇನೆ. ಪಿಆರ್ 83 ಅಂತ ಇದ್ದರೆ ಅದು ಅಲಿಜರಿನ್ ಎಂಬ ಕೆಂಪು, ತೆಳುವಾಗಿ ಹಚ್ಚಿದರೆ ಬೆಳಕಿಗೆ ಮಾಸುತ್ತದೆ. ಅದರ ಬದಲು ಅಷ್ಟು ಬೇಗ ಮಾಸದ ಪಿವಿ 19 ತೆಗೆದುಕೊಳ್ಳುತ್ತೇನೆ. ಎಣ್ಣೆ ಕಡಿಮೆ ಇರುವ ಪದರ ಕೆಳಗೆ, ಜಾಸ್ತಿ ಇರುವುದು ಮೇಲೆ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ನಡೆಯುತ್ತದೆ, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಕೂಡದು. ಅಕ್ರಿಲಿಕ್ ಚಿತ್ರಗಳನ್ನು ನೀರಿನಿಂದ ಒರೆಸಬೇಡಿ ಅಂತ ಗೆಳೆಯರಿಗೆ ಹೇಳಿ ಹೇಳಿ ಸಾಕಾಗಿದೆ. ಬಣ್ಣ ನೀರಿಗೆ ಉಬ್ಬುತ್ತದೆ. ಕೋಣೆಯ ಬಿಸಿಯಲ್ಲೇ ಅದು ಸ್ವಲ್ಪ ಮೆತ್ತಗಿರುವುದರಿಂದ ಧೂಳು ಒಳಗೇ ಕೂತುಬಿಡುತ್ತದೆ. ಗಾಜು ಹಾಕಿಸಿ, ಮುಗಿಯಿತು. ಚಿತ್ರ ಮುಗಿದ ಮೇಲೆ ಹಿಂದಿನ ಮರದ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಏನೇನು ಬಳಸಿದೆ ಅಂತ ಬರೆಯುತ್ತೇನೆ. ಮುಂದೆ ಯಾರೋ ಒಬ್ಬರು ಅದನ್ನು ತಿರುಗಿಸಿ ನೋಡಿ ಒಂದು ವಾರದ ಪರೀಕ್ಷೆ ಉಳಿಸಿಕೊಳ್ಳಬಹುದು.

ಆದರೂ ಚಿತ್ರ ಬರೆಯುವಾಗ ಸಂರಕ್ಷಕನನ್ನು ಹೊರಗೆ ನಿಲ್ಲಿಸಲೇಬೇಕು. ಅವನು ಒಳಗಿದ್ದರೆ ಪ್ರತಿ ಗೀರಿಗೂ 'ಇದು ಬೇಕಾ' ಅಂತ ಕೇಳುತ್ತಾನೆ. ವಾರದಲ್ಲಿ ನಾಲ್ಕು ದಿನ ಗ್ಯಾಲರಿ, ಎರಡು ದಿನ ನನ್ನ ಬಣ್ಣ ಅಂತ ಹಂಚಿಕೊಂಡಿದ್ದೇನೆ. ಒಂದೇ ದಿನದಲ್ಲಿ ಎರಡೂ ನನ್ನಿಂದ ಆಗುವುದಿಲ್ಲ. ಬೆಳಿಗ್ಗೆ ಸ್ವಂತ ಚಿತ್ರ ಬರೆದು ಮಧ್ಯಾಹ್ನ ರೀಟಚಿಂಗ್‌ಗೆ ಕೂತ ದಿನ ಕೈ ಮತ್ತೆ ಮೋಡದ ಕಡೆಗೇ ಎಳೆಯುತ್ತದೆ.

ಕಳೆದ ವರ್ಷ ನನ್ನದೇ ಹಳೆಯ ಚಿತ್ರವೊಂದು ವಾಪಸ್ ಬಂತು. ಓದುತ್ತಿದ್ದಾಗ ಬರೆದದ್ದು. ಕೊಂಡವರು ಫೋನ್ ಮಾಡಿ, "ನೀವೇ ಬರೆದದ್ದು, ರಿಪೇರಿಯೂ ನಿಮ್ಮದೇ ಕೆಲಸವಂತೆ, ಸ್ವಲ್ಪ ನೋಡಿಕೊಡಿ ಸಾರ್" ಅಂದರು. ಬಿಚ್ಚಿ ನೋಡಿದರೆ ಬಿಳಿ ಭಾಗದಲ್ಲೆಲ್ಲ ಸಣ್ಣ ಬಿರುಕು, ಒಂದು ಕಡೆ ಪದರ ಎದ್ದಿದೆ. ಆಗ ನಾನು ಬಳಸುತ್ತಿದ್ದುದು ಜಿಂಕ್ ವೈಟ್. ಎಣ್ಣೆಯ ಜೊತೆ ಸೇರಿ ಅದು ಕಾಲ ಕಳೆದಂತೆ ಪೆಡಸಾಗುತ್ತದೆ, ಪದರ ಬಿಡುತ್ತದೆ. ಆ ವಯಸ್ಸಿನಲ್ಲಿ ಯಾರು ಹೇಳಿದ್ದರು ನನಗೆ?

ಮೊದಲಿಗೆ ಬಂದ ಯೋಚನೆ, ಇದು ನನ್ನದೇ ತಾನೇ, ಬಿಳಿಯನ್ನೆಲ್ಲ ಕೆರೆದು ಹೊಸದಾಗಿ ಬರೆದುಬಿಡೋಣ ಅಂತ. ಪ್ಯಾಲೆಟ್ ಚಾಕು ಕೈಗೆ ತೆಗೆದುಕೊಂಡೂ ಇದ್ದೆ. ಆಮೇಲೆ ಚಿತ್ರದ ಎಡಭಾಗ ನೋಡಿದೆ. ಈಗ ನಾನು ಎಂದೂ ಬರೆಯದ ಹಾಗೆ, ಒರಟಾಗಿ, ಯಾವ ಹೆದರಿಕೆಯೂ ಇಲ್ಲದೆ ಎಳೆದ ಒಂದು ಹಸಿರು ಗೀರು ಅಲ್ಲಿತ್ತು. ಚಾಕು ಕೆಳಗಿಟ್ಟೆ. ಎದ್ದ ಪದರದ ಕೆಳಗೆ ಸಣ್ಣ ಕುಂಚದಿಂದ ಮೀನಿನ ಅಂಟು ಬಿಟ್ಟು, ಬೆಚ್ಚಗೆ ಮಾಡಿ, ತೂಕ ಇಟ್ಟು ಕೂರಿಸಿದೆ. ಬಿರುಕುಗಳನ್ನು ಮುಟ್ಟಲಿಲ್ಲ. ಬೇರೆಯವರ ಚಿತ್ರಕ್ಕೆ ಬರೆಯುವ ಹಾಗೆಯೇ ವರದಿ ಬರೆದೆ. 'ಕಲಾವಿದ' ಅನ್ನುವ ಕಡೆ ನನ್ನ ಹೆಸರು, 'ಪರೀಕ್ಷಿಸಿದವರು' ಅನ್ನುವ ಕಡೆಯೂ ನನ್ನ ಹೆಸರು. ಶಿಫಾರಸಿನ ಜಾಗದಲ್ಲಿ 'ಸದ್ಯಕ್ಕೆ ಬೇರೇನೂ ಬೇಡ, ಆರು ತಿಂಗಳ ನಂತರ ಮತ್ತೆ ನೋಡುವುದು' ಅಂತ ಬರೆದು ಸಹಿ ಹಾಕಿದೆ.

ಆರು ತಿಂಗಳು ಕಳೆದು ಮೂರು ವಾರವಾಯಿತು. ನಾಳೆ ಅವರಿಗೆ ಫೋನ್ ಮಾಡಬೇಕು.